ರಾಯ್ ವುಡ್ ಅವರ ಮೊದಲ ಆಲ್ಬಂ ಎಂದು ಯಾವುದನ್ನು ಕರೆಯಬೇಕು?

ಕೋಡಿಬಾಗದ ಕೇಳುಗ, ಕಾರವಾರ:

ಎಲ್ಲರಿಗೂ ನಮಸ್ಕಾರ. ಹಡಗಿನ ನೌಕರಿಯಲ್ಲಿದ್ದ ನನ್ನ ಸೋದರಮಾವ ಹೋದ ಬಂದರುಗಳಿಂದೆಲ್ಲ ತಂದಿಟ್ಟುಕೊಂಡಿದ್ದ ಎಲ್‌ಪಿ ತಟ್ಟೆಗಳ ಪೆಟ್ಟಿಗೆಯೊಂದು ಈ ವರ್ಷ ನಮ್ಮ ಮನೆಗೆ ಬಂದಿದೆ. ಕವರುಗಳಿಗೆಲ್ಲ ಮಳೆಗಾಲದ ಬೂಷ್ಟು ಹಿಡಿದಿತ್ತು. ಒಂದೊಂದನ್ನೇ ಒರೆಸಿ ನೆರಳಿನಲ್ಲಿ ಆರಿಸುವಾಗ ಇಂಗ್ಲೆಂಡಿನ ರಾಯ್ ವುಡ್ ಅವರ ಹೆಸರಿರುವ ಎರಡು ತಟ್ಟೆಗಳು ಸಿಕ್ಕವು. ಒಂದು ಅವರೊಬ್ಬರದೇ ಹೆಸರಿನ ‘ಬೌಲ್ಡರ್ಸ್’. ಇನ್ನೊಂದು ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾ ತಂಡದ್ದು. ಅದರ ಮೇಲೆ ‘ನೋ ಆನ್ಸರ್’ ಎಂದು ಮುದ್ರಿಸಿದೆ. ಆದರೆ ಈ ತಂಡ ಇಂಗ್ಲೆಂಡಿನಲ್ಲಿ ಹೊರತಂದ ಆಲ್ಬಂಗಳ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಆ ಹೆಸರು ನನಗೆ ಕಾಣಲಿಲ್ಲ.

‘ಬೌಲ್ಡರ್ಸ್’ ಹಾಕಿದ ದಿನ ಹೊರಗೆ ಮಳೆ ಸುರಿಯುತ್ತಿತ್ತು. ಮೊದಲ ಬದಿಯ ಎರಡನೆಯ ಹಾಡು ಶುರುವಾದಾಗ ನೀರು ತಪ್ ತಪ್ ಎಂದು ಬೀಳುವ ಸದ್ದು ಕೇಳಿ, ಹಂಚು ಸರಿದು ಮಾಡು ಸೋರುತ್ತಿದೆಯೆಂದು ಎದ್ದುಹೋಗಿ ಒಳಕೋಣೆಯನ್ನೆಲ್ಲ ನೋಡಿ ಬಂದೆ. ಎಲ್ಲಿಯೂ ಒಂದು ಹನಿ ನೀರಿರಲಿಲ್ಲ. ಮುಳ್ಳನ್ನು ಎತ್ತಿ ಅದೇ ಹಾಡನ್ನು ಮತ್ತೊಮ್ಮೆ ಹಾಕಿದ ಮೇಲೆಯೇ, ಸದ್ದು ತಟ್ಟೆಯೊಳಗಿನದು ಎಂಬುದು ತಿಳಿದದ್ದು. ಅಂದಿನಿಂದ ಈ ಮನುಷ್ಯನ ಸಂಗೀತ ನನ್ನನ್ನು ಬಿಟ್ಟಿಲ್ಲ.

ನನಗಿರುವ ಗೊಂದಲ ಇಷ್ಟು. ಒಂದು ಕಡೆ ಇವರ ಮೊದಲ ಆಲ್ಬಂ 1968ರದು ಎಂದಿದೆ, ಇನ್ನೊಂದು ಕಡೆ 1971 ಎಂದಿದೆ, ಮತ್ತೊಂದು ಕಡೆ 1973 ಎಂದಿದೆ. ಅದೂ 1973ರಲ್ಲಿಯೇ ಎರಡು ‘ಮೊದಲ’ ಆಲ್ಬಂಗಳು. ಒಬ್ಬ ಸಂಗೀತಗಾರನಿಗೆ ಇಷ್ಟೊಂದು ಮೊದಲುಗಳು ಇರುವುದು ಹೇಗೆ, ಮತ್ತು ಹೊಸದಾಗಿ ಕೇಳುವವನು ಎಲ್ಲಿಂದ ಆರಂಭಿಸಬೇಕು? ಇನ್ನೊಂದು ಮಾತನ್ನೂ ಕೇಳಬೇಕು. ಕೇಳಿದಷ್ಟೂ ಇವರ ಮುಖ ಹಿಂದಕ್ಕೇ ತಿರುಗಿದೆ ಎನ್ನಿಸುತ್ತದೆ. ಐವತ್ತರ ದಶಕದ ರಾಕ್ ಅಂಡ್ ರೋಲ್, ಚರ್ಚಿನ ಪ್ರಾರ್ಥನಾಗೀತೆ, ಹಳ್ಳಿಯ ಬ್ಯಾಂಜೋ, ಐರಿಶ್ ಕುಣಿತ, ಎಲ್ಲವೂ ಅಲ್ಲಿವೆ. ಇದನ್ನು ಅನುಕರಣೆ ಎನ್ನಬೇಕೋ, ಬೇರೆ ಏನೋ ಎನ್ನಬೇಕೋ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಬಿಡಕಿಬೈಲು, ಶಿರಸಿ:

ಕಾರವಾರದ ಗೆಳೆಯರ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಾನು ನಲವತ್ತು ವರ್ಷಗಳಿಂದ ರಾಯ್ ವುಡ್ ಅವರನ್ನು ಕೇಳುತ್ತ ಬಂದಿದ್ದರೂ, ನಮ್ಮ ಜಿಲ್ಲೆಯಲ್ಲಿ ಅವರ ಬಗ್ಗೆ ಮಾತನಾಡಲು ಒಬ್ಬರೂ ಸಿಕ್ಕಿರಲಿಲ್ಲ.

ಮೊದಲು ‘ನೋ ಆನ್ಸರ್’ ಸಂಗತಿಯನ್ನು ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ 1971ರ ಡಿಸೆಂಬರ್‌ನಲ್ಲಿ ಆ ಆಲ್ಬಂ ತಂಡದ ಹೆಸರಿನಲ್ಲಿಯೇ ಹೊರಬಂದಿತು. ಅಮೆರಿಕದಲ್ಲಿ ಅದನ್ನು ಬಿಡುಗಡೆ ಮಾಡಬೇಕಿದ್ದ ಕಂಪನಿಯವರು ಶೀರ್ಷಿಕೆ ಏನೆಂದು ಕೇಳಲು ಫೋನ್ ಮಾಡಿದಾಗ ಈ ಕಡೆ ಯಾರೂ ಎತ್ತಲಿಲ್ಲ. ಉತ್ತರವಿಲ್ಲ ಎಂದು ಬರೆದಿಟ್ಟುಕೊಂಡ ಟಿಪ್ಪಣಿಯನ್ನೇ ಶೀರ್ಷಿಕೆಯೆಂದು ತಿಳಿದು 1972ರಲ್ಲಿ ಕವರಿನ ಮೇಲೆ ಮುದ್ರಿಸಿಬಿಟ್ಟರು. ಹಾಗಾಗಿ ನಿಮ್ಮ ಮಾವ ತಂದದ್ದು ಅಮೆರಿಕದ ಮುದ್ರಣ.

ಇನ್ನು ‘ಮೊದಲು’ಗಳ ವಿಷಯ. ರಾಯ್ ವುಡ್ ಹುಟ್ಟಿದ್ದು 1946ರಲ್ಲಿ, ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ಅವರು ಹಾಡು ಬರೆಯುತ್ತಿದ್ದ ‘ದ ಮೂವ್’ ತಂಡದ ಮೊದಲ ಆಲ್ಬಂ ಬಂದದ್ದು 1968ರಲ್ಲಿ. ಅಲ್ಲಿ ಮುಖ್ಯ ಗಾಯಕ ಕಾರ್ಲ್ ವೇಯ್ನ್; ವುಡ್ ಗಿಟಾರ್ ಹಿಡಿದು, ಹಾಡು ಕಟ್ಟಿಕೊಟ್ಟು, ಆಗಾಗ ದನಿ ಸೇರಿಸುತ್ತಿದ್ದ ಇಪ್ಪತ್ತೊಂದರ ಯುವಕ. ಆದರೆ ಆ ತಟ್ಟೆಯನ್ನು ಗಮನವಿಟ್ಟು ಕೇಳಿದರೆ ನೀವು ಹೇಳಿದ ಹಿನ್ನೋಟ ಅಲ್ಲಿಯೇ ಸಿಗುತ್ತದೆ. ಅದು ಬಣ್ಣಬಣ್ಣದ ಸೈಕೆಡೆಲಿಕ್ ಸಂಗೀತದ ಕಾಲವಾಗಿದ್ದರೂ, ಅದರಲ್ಲಿ 1960ರಲ್ಲಿಯೇ ತೀರಿಕೊಂಡಿದ್ದ ಎಡ್ಡಿ ಕಾಕ್ರನ್ ಹಾಡಿದ್ದ ‘ವೀಕೆಂಡ್’ ಇದೆ. 1934ರಷ್ಟು ಹಳೆಯ ‘ಝಿಂಗ್! ವೆಂಟ್ ದ ಸ್ಟ್ರಿಂಗ್ಸ್ ಆಫ್ ಮೈ ಹಾರ್ಟ್’ ಇದೆ. ಇದೇ ತಂಡದ ‘ಫ್ಲವರ್ಸ್ ಇನ್ ದ ರೇನ್’ ಹಾಡು 1967ರ ಸೆಪ್ಟೆಂಬರ್ 30ರಂದು ಬಿಬಿಸಿಯ ರೇಡಿಯೋ ಒನ್ ಆರಂಭವಾದಾಗ ಪೂರ್ತಿಯಾಗಿ ಪ್ರಸಾರವಾದ ಮೊದಲ ಹಾಡು ಎಂಬುದನ್ನು ನೀವು ಓದಿರಬಹುದು.

ಎರಡನೆಯ ಮೊದಲು ನಿಮ್ಮ ಪೆಟ್ಟಿಗೆಯಲ್ಲಿರುವ ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾ. ಜೆಫ್ ಲಿನ್, ಬೆವ್ ಬೆವನ್ ಇವರೊಡನೆ ಸೇರಿ ವುಡ್ ಕಟ್ಟಿದ ಈ ತಂಡದ ಮೊದಲ ಹಾಡು ‘10538 ಓವರ್ಚರ್’ ಲಿನ್ ಅವರ ರಚನೆ. ಆದರೆ ಅದಕ್ಕೆ ಮೈ ಕೊಟ್ಟದ್ದು ವುಡ್ ಅವರ ಚೆಲ್ಲೋ, ಅಂದರೆ ಪಿಟೀಲಿನ ಜಾತಿಯ ದೊಡ್ಡ ವಾದ್ಯ. ಆಗಷ್ಟೇ ಕೊಂಡಿದ್ದ ಅಗ್ಗದ ವಾದ್ಯವೊಂದರಲ್ಲಿ ರಾಕ್ ಗಿಟಾರಿನ ಗತ್ತನ್ನು ಹಿಡಿದು, ಒಂದರ ಮೇಲೊಂದರಂತೆ ಹತ್ತಾರು ಪದರಗಳನ್ನು ಅವರೇ ನುಡಿಸಿ ಸೇರಿಸಿದರು. ಅದೇ ತಟ್ಟೆಯಲ್ಲಿ 1644ರ ಜುಲೈ 2ರಂದು ನಡೆದ ಮಾರ್ಸ್ಟನ್ ಮೂರ್ ಕಾಳಗದ ಮೇಲೆ ವುಡ್ ಮಾಡಿದ ರಚನೆಯೂ ಇದೆ. ಚೆಲ್ಲೋದ ಕಮಾನು ತಂತಿಗೆ ಒರಟಾಗಿ ತಾಗುವ ಅದರ ಸದ್ದು ನನಗೆ ಇಂದಿಗೂ ಮೈ ನಡುಗಿಸುತ್ತದೆ.

1972ರಲ್ಲಿ ಅವರು ಆ ತಂಡವನ್ನು ಬಿಟ್ಟು ‘ವಿಝರ್ಡ್’ ತಂಡ ಕಟ್ಟಿದರು. ಆ ತಂಡದ ಮೊದಲ ಆಲ್ಬಂ ‘ವಿಝರ್ಡ್ ಬ್ರೂ’ 1973ರಲ್ಲಿ ಬಂತು. ಅದೇ ವರ್ಷದ ಜುಲೈನಲ್ಲಿ ‘ಬೌಲ್ಡರ್ಸ್’. ಬಿಡುಗಡೆಯ ಲೆಕ್ಕದಲ್ಲಿ ‘ಬೌಲ್ಡರ್ಸ್’ ಕೊನೆಯದು. ಆದರೆ ನನ್ನ ಅಭಿಪ್ರಾಯದಲ್ಲಿ ಅದೇ ಅವರ ನಿಜವಾದ ಮೊದಲ ಆಲ್ಬಂ, ಮತ್ತು ಇದು ಬರೀ ಅಭಿಮಾನದ ಮಾತಲ್ಲ. ಅದರ ಧ್ವನಿಮುದ್ರಣ ಲಂಡನ್ನಿನ ಅಬೆ ರೋಡ್ ಸ್ಟುಡಿಯೋದಲ್ಲಿ 1969ರಲ್ಲಿಯೇ ಆರಂಭವಾಗಿ 1971ಕ್ಕೆ ಮುಗಿದಿತ್ತು. ಎರಡು ತಂಡಗಳ ಕೆಲಸದ ನಡುವೆ ಅದು ಕಾದು ಕುಳಿತಿತ್ತು, ಅಷ್ಟೆ. ನೆಲ್ಲು ಬಿತ್ತಿದ ದಿನವನ್ನು ಬಿಟ್ಟು ಅಂಗಳಕ್ಕೆ ತಂದ ದಿನವನ್ನು ಎಣಿಸಿದರೆ ಬೆಳೆಯ ವಯಸ್ಸು ತಿಳಿಯುತ್ತದೆಯೇ?

ಆ ತಟ್ಟೆಯ ಹಾಡುಗಳನ್ನು ಬರೆದವರು, ಹಾಡಿದವರು, ನಿರ್ಮಿಸಿದವರು ವುಡ್ ಒಬ್ಬರೇ. ಗಿಟಾರ್, ಬಾಸ್, ಡ್ರಮ್, ಚೆಲ್ಲೋ, ಬ್ಯಾಂಜೋ, ರೆಕಾರ್ಡರ್ ಕೊಳಲು, ಸ್ಯಾಕ್ಸೊಫೋನ್, ಎಲ್ಲವೂ ಅವರದೇ ಕೈ, ಅವರದೇ ಉಸಿರು. ಕಲಾಶಾಲೆಯಲ್ಲಿ ಓದಿದ್ದವರಾದ್ದರಿಂದ ಕವರಿನ ಚಿತ್ರವನ್ನೂ ತಾವೇ ಬರೆದರು. ಇದಕ್ಕೆ ಅಪವಾದ ಒಂದೇ ಒಂದು. ಮೊದಲ ಹಾಡಾದ ‘ಸಾಂಗ್ಸ್ ಆಫ್ ಪ್ರೇಯ್ಸ್’ನಲ್ಲಿ ಕೇಳುವ ಹಾರ್ಮೋನಿಯಂ ಜಾನ್ ಕರ್ಲ್ಯಾಂಡರ್ ಅವರದು. ಭಜನೆಯಲ್ಲಿಯೂ ಸಂಗೀತ ಕಛೇರಿಯಲ್ಲಿಯೂ ದಿನವೂ ಹಾರ್ಮೋನಿಯಂ ಕೇಳುವ ನಮಗೆ ಆ ಒಂದು ವಾದ್ಯ ಮಾತ್ರ ಬೇರೆಯವರ ಕೈಯಲ್ಲಿ ಉಳಿದದ್ದು ವಿಶೇಷವಾಗಿ ಕಾಣುತ್ತದೆ.

ನಿಮ್ಮನ್ನು ಎಬ್ಬಿಸಿದ ಹಾಡಿನ ಹೆಸರು ‘ವೇಕ್ ಅಪ್’, ಅಂದರೆ ‘ಎಚ್ಚರಗೊಳ್ಳು’. ಅಲ್ಲಿ ಡ್ರಮ್ ಇಲ್ಲ. ಬಾಲ್ದಿಯಲ್ಲಿ ನೀರು ತುಂಬಿ ಅಂಗೈಯಿಂದ ಬಡಿದು ತಾಳ ಹಿಡಿದಿದ್ದಾರೆ. ಮೊದಲ ಬಾರಿ ಕೇಳಿದಾಗ ನಾನೂ ಆ ಸದ್ದನ್ನು ಗುರುತಿಸಲಾರದೆ ಹೋಗಿದ್ದೆ.

ಹೆಗಡೆ ಹಳ್ಳದ ದಾರಿ, ಕುಮಟಾ:

ನಾನು ಸುತ್ತಮುತ್ತ ಯಕ್ಷಗಾನಕ್ಕೂ ಮದುವೆ ಮನೆಗಳಿಗೂ ಮೈಕ್ ಸೆಟ್ ಕಟ್ಟುವ ಕೆಲಸ ಮಾಡುವವನು. ಹಿರಿಯರು ಹೇಳಿದ ಚರಿತ್ರೆಗೆ ಸೇರಿಸುವಂಥದ್ದು ನನ್ನಲ್ಲಿ ಇಲ್ಲ. ಆದರೆ ಒಬ್ಬ ಮನುಷ್ಯ ಇಷ್ಟನ್ನೆಲ್ಲ ಹೇಗೆ ನುಡಿಸಿದ ಎಂಬುದರ ಬಗ್ಗೆ ಸ್ವಲ್ಪ ಬರೆಯಬಲ್ಲೆ.

ಟೇಪಿನ ಅಗಲವನ್ನು ಹಲವು ದಾರಿಗಳಾಗಿ ಹಂಚಿ, ಒಂದು ದಾರಿಯಲ್ಲಿ ಮುದ್ರಿಸಿದ್ದನ್ನು ಕಿವಿಯಲ್ಲಿ ಕೇಳುತ್ತ ಪಕ್ಕದ ದಾರಿಯಲ್ಲಿ ಇನ್ನೊಂದನ್ನು ಮುದ್ರಿಸುವುದು ಇದರ ಮೂಲ. ದಾರಿಗಳೆಲ್ಲ ತುಂಬಿದಾಗ ಅವನ್ನು ಬೆರೆಸಿ ಒಂದೆರಡು ದಾರಿಗೆ ಇಳಿಸಿಕೊಂಡರೆ ಉಳಿದವು ಮತ್ತೆ ಖಾಲಿಯಾಗುತ್ತವೆ. ಆದರೆ ಹಾಗೆ ಇಳಿಸಿದಾಗಲೆಲ್ಲ ಟೇಪಿನ ಸುಯ್ ಎನ್ನುವ ಸದ್ದು ಒಂದು ಪದರ ದಪ್ಪವಾಗುತ್ತದೆ, ಮತ್ತು ಬೆರೆತದ್ದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಮೊಸರನ್ನು ಕಡೆದ ಮೇಲೆ ಹಾಲು ಮಾಡಲು ಬರುವುದಿಲ್ಲವಲ್ಲ, ಹಾಗೆ. ಇಂದು ಕಂಪ್ಯೂಟರಿನಲ್ಲಿ ಸಾವಿರ ಸಲ ಹಿಂದಕ್ಕೆ ಹೋಗಬಹುದು. ಅಂದು ಹಾಡು ಮುಗಿದಾಗ ಹೇಗೆ ಕೇಳಿಸಬೇಕೆಂಬುದು ಆರಂಭದಲ್ಲಿಯೇ ತಲೆಯೊಳಗೆ ಇರಬೇಕಿತ್ತು.

ಇನ್ನೊಂದು ವಿದ್ಯೆ ಟೇಪಿನ ವೇಗದ್ದು. ಟೇಪನ್ನು ನಿಧಾನವಾಗಿ ಓಡಿಸುತ್ತ ಹಾಡಿ, ಬಳಿಕ ಮಾಮೂಲು ವೇಗದಲ್ಲಿ ನುಡಿಸಿದರೆ ದನಿ ಏರುತ್ತದೆ. ಅರ್ಧ ವೇಗದಲ್ಲಿ ಹಾಡಿದರೆ ಸರಿಯಾಗಿ ಒಂದು ಸ್ಥಾಯಿ ಮೇಲೆ. ಸ್ವಲ್ಪವೇ ನಿಧಾನ ಮಾಡಿದರೆ, ಬಿಳಿ ನಾಲ್ಕರ ಶ್ರುತಿಯಲ್ಲಿ ಹಾಡಿದವರು ಕಪ್ಪು ಮೂರರಲ್ಲಿ ಹಾಡಿದಂತೆ ಕೇಳುತ್ತಾರೆ. ಬರೀ ಶ್ರುತಿ ಏರುವುದಲ್ಲ, ಗಂಟಲಿನ ಗಾತ್ರವೇ ಕಿರಿದಾದಂತೆ ದನಿ ಎಳೆಯದಾಗುತ್ತದೆ. ‘ಸಾಂಗ್ಸ್ ಆಫ್ ಪ್ರೇಯ್ಸ್’ನಲ್ಲಿ ಹಿಂದಿನಿಂದ ಹೆಂಗಸರ ಗುಂಪು ಹಾಡಿದಂತೆ ಕೇಳುತ್ತದೆಯಲ್ಲ, ಅಲ್ಲಿ ಹೆಂಗಸರು ಯಾರೂ ಇಲ್ಲ, ಅದು ಗಡ್ಡ ಬಿಟ್ಟಿದ್ದ ರಾಯ್ ವುಡ್ ಅವರದೇ ದನಿ. ಸ್ತ್ರೀವೇಷ ನೋಡಿ ಬೆಳೆದ ನಮಗೆ ಇದರಲ್ಲಿ ಮೋಸ ಕಾಣುವುದಿಲ್ಲ. ವೇಷಧಾರಿ ಗಂಡಸು ಎಂಬುದು ಗೊತ್ತಿದ್ದೂ ದಮಯಂತಿಗಾಗಿ ಕಣ್ಣೀರು ಹಾಕುವವರು ನಾವು.

‘ಮಿಸ್ ಕ್ಲಾರ್ಕ್ ಅಂಡ್ ದ ಕಂಪ್ಯೂಟರ್’ ಹಾಡಿನಲ್ಲಿ ಇದೇ ಉಪಾಯವನ್ನು ಕಥೆಗೆ ಬಳಸಿದ್ದಾರೆ. ತನ್ನನ್ನು ನೋಡಿಕೊಳ್ಳುವ ಹೆಂಗಸಿನ ಮೇಲೆ ಕಂಪ್ಯೂಟರಿಗೆ ಪ್ರೀತಿ ಹುಟ್ಟುತ್ತದೆ. ಅದನ್ನು ಬಿಚ್ಚಿ ಹಾಕುವಾಗ ಅದರ ದನಿ ನಿಧಾನಕ್ಕೆ ಕುಸಿಯುತ್ತ ಹೋಗುತ್ತದೆ. ಕರೆಂಟು ಇಳಿದಾಗ ಗ್ರಾಮಾಫೋನ್ ತಟ್ಟೆ ಎಳೆದಾಡುವುದನ್ನು ಕೇಳಿದವರಿಗೆ ಆ ಸದ್ದು ಗೊತ್ತು.

ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಮೇಳದಲ್ಲಿ ಮದ್ದಳೆಗಾರನ ಕಣ್ಣು ಭಾಗವತರ ಮುಖದ ಮೇಲೆ ಇರುತ್ತದೆ. ಭಾಗವತರು ಪದ್ಯವನ್ನು ಎಳೆದರೆ ಅವನೂ ಎಳೆಯುತ್ತಾನೆ, ಚಂಡೆ ಏರಿದರೆ ಪದವೂ ಏರುತ್ತದೆ. ಒಬ್ಬನೇ ಎಲ್ಲವನ್ನೂ ನುಡಿಸುವಾಗ ಆ ಕೊಡುಕೊಳ್ಳುವಿಕೆ ಇರುವುದಿಲ್ಲ. ‘ರಾಕ್ ಡೌನ್ ಲೋ’ದ ಡ್ರಮ್ ಕೇಳಿ, ತಪ್ಪಿಲ್ಲ, ಆದರೆ ಯಾರನ್ನೂ ನೋಡದೆ ಬಾರಿಸಿದಂತಿದೆ. ಇದನ್ನು ನಾನು ಆ ಆಲ್ಬಮ್ಮಿನ ಮೇಲಿನ ಗೌರವದಿಂದಲೇ ಹೇಳುತ್ತಿದ್ದೇನೆ.

ಶರಾವತಿ ದಡ, ಹೊನ್ನಾವರ:

ಕುಮಟಾದವರು ಕೊನೆಯಲ್ಲಿ ಹೇಳಿದ ಮಾತಿನಿಂದಲೇ ನಾನು ಆರಂಭಿಸುತ್ತೇನೆ, ಏಕೆಂದರೆ ಆ ಕೊರತೆಗೆ ಉತ್ತರವಾಗಿ ವುಡ್ ಅವರೇ ಕಟ್ಟಿದ್ದು ‘ವಿಝರ್ಡ್’ ಎಂದು ನಾನು ತಿಳಿದಿದ್ದೇನೆ. ಒಬ್ಬರ ಜಾಗದಲ್ಲಿ ಎಂಟು ಜನ. ಇಬ್ಬರು ಡ್ರಮ್ಮರುಗಳು, ಇಬ್ಬರು ಸ್ಯಾಕ್ಸೊಫೋನ್ ನುಡಿಸುವವರು, ಜೊತೆಗೆ ಚೆಲ್ಲೋ ಮತ್ತು ಫ್ರೆಂಚ್ ಹಾರ್ನ್. ಶಿರಸಿಯ ಹಿರಿಯರು ‘ವಿಝರ್ಡ್ ಬ್ರೂ’ ಆಲ್ಬಮ್ಮನ್ನು ಒಂದೇ ಸಾಲಿನಲ್ಲಿ ದಾಟಿಹೋಗಿದ್ದು ನನಗೆ ಸರಿ ಕಾಣಲಿಲ್ಲ.

ಆ ತಟ್ಟೆಯಲ್ಲಿ ಹಾಡುಗಳು ಆರೇ ಆರು. ಒಂದು ಹದಿಮೂರು ನಿಮಿಷ ದಾಟುತ್ತದೆ. ಒಂದು, ಹಾಡುಗಾರಿಕೆಯೇ ಇಲ್ಲದ ಬ್ರಾಸ್ ಬ್ಯಾಂಡಿನ ನಡೆ. ಅದು ಕಿಕ್ಕಿರಿದಿದೆ, ಸದ್ದುಗಳು ಒಂದರ ಮೇಲೊಂದು ಬಿದ್ದು ಗಿಟಾರ್ ಯಾವುದು ಚೆಲ್ಲೋ ಯಾವುದು ಎಂದು ತಿಳಿಯುವುದಿಲ್ಲ, ಎನ್ನುವವರ ಮಾತನ್ನು ಒಪ್ಪುತ್ತೇನೆ. ‘ಯೂ ಕ್ಯಾನ್ ಡ್ಯಾನ್ಸ್ ಯುವರ್ ರಾಕ್ ಅಂಡ್ ರೋಲ್’ ಮೊದಲ ಸಲ ಕೇಳಿದಾಗ ನನ್ನ ಟರ್ನ್‌ಟೇಬಲ್ಲಿನ ಮುಳ್ಳು ಕೆಟ್ಟಿದೆಯೆಂದು ಬದಲಿಸಿದ್ದೆ. ಆದರೆ ಕೊನೆಯ ಹಾಡು ‘ವೇರ್ ಎ ಫಾಸ್ಟ್ ಗನ್’ ಒಂಬತ್ತು ನಿಮಿಷಗಳ ಕಾಲ ಪ್ರಾರ್ಥನೆಯಂತೆ ಏರುತ್ತ ಹೋಗುವಾಗ ಆ ದಟ್ಟಣೆಗೆ ಅರ್ಥ ಬರುತ್ತದೆ. ಇಷ್ಟು ಜನ ಇಲ್ಲದಿದ್ದರೆ ಆ ಏರಿಕೆ ಸಾಧ್ಯವಿರಲಿಲ್ಲ.

ಹೊಸ ಕೇಳುಗರಿಗೆ ಒಂದು ಎಚ್ಚರಿಕೆ. ಈ ತಂಡವನ್ನು ಪ್ರಸಿದ್ಧಗೊಳಿಸಿದ ಹಾಡುಗಳು ಈ ಆಲ್ಬಮ್ಮಿನ ಮೂಲ ಇಂಗ್ಲಿಷ್ ಮುದ್ರಣದಲ್ಲಿ ಇಲ್ಲ. 1973ರಲ್ಲಿ ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿದ್ದ ‘ಸೀ ಮೈ ಬೇಬಿ ಜೈವ್’, ಅದೇ ವರ್ಷ ಮೊದಲ ಸ್ಥಾನಕ್ಕೇರಿದ ‘ಏಂಜಲ್ ಫಿಂಗರ್ಸ್’, ಎರಡೂ ಬಿಡಿ ತಟ್ಟೆಗಳಾಗಿ ಬಂದವು. ಅಮೆರಿಕದ ಫಿಲ್ ಸ್ಪೆಕ್ಟರ್ ಅರವತ್ತರ ದಶಕದ ಆರಂಭದಲ್ಲಿ ಒಂದೇ ಕೋಣೆಯೊಳಗೆ ಹಿಡಿಸಲಾರದಷ್ಟು ವಾದ್ಯಗಾರರನ್ನು ಕೂರಿಸಿ, ಪ್ರತಿಧ್ವನಿಯ ಕೋಣೆಯ ಮೂಲಕ ಹಾಯಿಸಿ ಕಟ್ಟುತ್ತಿದ್ದ ಸದ್ದಿನ ಗೋಡೆಯನ್ನು ವುಡ್ ಹತ್ತು ವರ್ಷಗಳ ಬಳಿಕ ಇಂಗ್ಲೆಂಡಿನಲ್ಲಿ ಮತ್ತೆ ಎಬ್ಬಿಸಿದ್ದು ಈ ಬಿಡಿ ಹಾಡುಗಳಲ್ಲಿ.

ಇನ್ನು ಅನುಕರಣೆಯ ಪ್ರಶ್ನೆ. ಕಾರವಾರದವರು ಕೇಳಿದ್ದು ದೊಡ್ಡ ಪ್ರಶ್ನೆ. ಅದಕ್ಕೆ ಇನ್ನೂ ಯಾರೂ ನೇರವಾಗಿ ಉತ್ತರಿಸಿಲ್ಲ. ಕದ್ದವನು ಮೂಲವನ್ನು ಮುಚ್ಚಿಡುತ್ತಾನೆ. ವುಡ್ ಮುಚ್ಚಿಡಲಿಲ್ಲ. 1973ರ ಕೊನೆಯಲ್ಲಿ ಬಂದ ‘ಫಾರೆವರ್’ ತಟ್ಟೆಯ ಮೇಲೆ ಅಮೆರಿಕದ ಹಾಡುಗಾರರಾದ ಬ್ರಯಾನ್ ವಿಲ್ಸನ್ ಮತ್ತು ನೀಲ್ ಸೆಡಾಕಾ ಅವರ ಪ್ರಭಾವವನ್ನು ಸ್ಮರಿಸಿ ಕೃತಜ್ಞತೆಯನ್ನು ಅಚ್ಚು ಹಾಕಿಸಿದರು. ಮರುವರ್ಷ ವಿಝರ್ಡ್ ತಂಡದ ಎರಡನೆಯ ಆಲ್ಬಮ್ಮಿಗೆ ‘ಇಂಟ್ರೊಡ್ಯೂಸಿಂಗ್ ಎಡ್ಡಿ ಅಂಡ್ ದ ಫಾಲ್ಕನ್ಸ್’ ಎಂದು ಹೆಸರಿಟ್ಟರು. ಇಲ್ಲದ ಒಂದು ಹಳೆಯ ತಂಡವನ್ನು ಕಲ್ಪಿಸಿಕೊಂಡು, ಇದು ಅದರ ಮೊದಲ ತಟ್ಟೆ ಎಂಬಂತೆ ಪರಿಚಯಿಸಿ, ಐವತ್ತರ ಮತ್ತು ಅರವತ್ತರ ಆರಂಭದ ಗಾಯಕರ ಶೈಲಿಯಲ್ಲಿ ಒಂದೊಂದು ಹಾಡನ್ನು ಹೊಸದಾಗಿ ರಚಿಸಿದರು. ಶಿರಸಿಯವರು ಎಣಿಸಿದ ನಾಲ್ಕು ಮೊದಲುಗಳಿಗೆ ಇದನ್ನು ಐದನೆಯದಾಗಿ ಸೇರಿಸಬೇಕೆಂಬುದು ನನ್ನ ವಿನಂತಿ. ಹಿರಿಯ ಭಾಗವತರ ಮಟ್ಟಿನಲ್ಲಿ ಹೊಸ ಪ್ರಸಂಗದ ಪದ ಹಾಡುವವರನ್ನು ನಾವು ನಕಲು ಎನ್ನುವುದಿಲ್ಲ; ಪರಂಪರೆ ಎನ್ನುತ್ತೇವೆ. ಅವರು ಮಟ್ಟನ್ನು ಎಷ್ಟು ಒಳಗೆ ಇಳಿಸಿಕೊಂಡಿದ್ದಾರೆ ಎಂಬುದನ್ನಷ್ಟೇ ನೋಡುತ್ತೇವೆ.

ಬಿಡಕಿಬೈಲು, ಶಿರಸಿ:

ಹೊನ್ನಾವರದವರ ಆಕ್ಷೇಪ ನ್ಯಾಯವಾದದ್ದು. ‘ವಿಝರ್ಡ್ ಬ್ರೂ’ ನನಗೆ ಒಗ್ಗದ ಕಾರಣ ಬೇಗ ದಾಟಿಬಿಟ್ಟೆ, ಅದು ತಪ್ಪು. ಐದನೆಯ ಮೊದಲನ್ನೂ ಒಪ್ಪಿದ್ದೇನೆ. ಆದರೂ ನನ್ನ ಮೂಲ ಮಾತನ್ನು ಬಿಡಲಾರೆ. ಎಡ್ಡಿಯ ತಂಡದಲ್ಲಿ ಅರಳಿದ್ದೆಲ್ಲದರ ಬೀಜ ‘ಬೌಲ್ಡರ್ಸ್’ನ ಕೊನೆಯಲ್ಲಿರುವ ರಾಕ್ ಮೆಡ್ಲಿಯಲ್ಲಿ ಇದೆ. ಐವತ್ತರ ದಶಕದ ಧಾಟಿಯ ಮೂರು ಹಾಡುಗಳನ್ನು ಅಲ್ಲಿ ಒಂದಕ್ಕೊಂದು ಪೋಣಿಸಿದ್ದಾರೆ. ನಡುವಿನ ‘ಶೀ ಈಸ್ ಟೂ ಗುಡ್ ಫಾರ್ ಮಿ’ ಕೇಳಿದರೆ ಎವರ್ಲಿ ಸಹೋದರರ ಜೋಡಿ ದನಿ ನೆನಪಾಗುತ್ತದೆ, ಆದರೆ ಇಲ್ಲಿ ಅಣ್ಣನೂ ಅವರೇ, ತಮ್ಮನೂ ಅವರೇ. ಕೇಳುವ ಕ್ರಮಕ್ಕೆ ಸಂಬಂಧಿಸಿದಂತೆ, ಕೈಯಲ್ಲಿರುವ ಎರಡನ್ನು ಮೊದಲು ಚೆನ್ನಾಗಿ ಕೇಳಿ, ಬಳಿಕ 1968ರ ‘ಮೂವ್’ಗೆ ಹಿಂತಿರುಗಿ, ಆಮೇಲೆ ‘ವಿಝರ್ಡ್ ಬ್ರೂ’ಗೆ ಹೋಗಿ ಎಂದು ಹೇಳುತ್ತೇನೆ.

ಕೋಡಿಬಾಗದ ಕೇಳುಗ, ಕಾರವಾರ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನೀವು ಹೇಳಿದ್ದನ್ನೆಲ್ಲ ಕೈಯಲ್ಲಿ ಬರೆದಿಟ್ಟುಕೊಂಡು ನಿನ್ನೆ ‘ಬೌಲ್ಡರ್ಸ್’ ಅನ್ನು ಎರಡು ಸಲ ಕೇಳಿದೆ. ಕುಮಟಾದವರು ಹೇಳಿದ ಮೇಲೆ ಹೆಂಗಸರ ಗುಂಪಿನಲ್ಲಿ ಒಬ್ಬನೇ ಗಂಡಸಿನ ದನಿ ಸ್ಪಷ್ಟವಾಗಿ ಕೇಳಲಾರಂಭಿಸಿತು. ಸಾಲು ಮುಗಿಯುವಲ್ಲಿ ಪ್ರತಿಯೊಂದು ದನಿಯೂ ಒಂದೇ ರೀತಿ ಉಸಿರು ಬಿಡುತ್ತದೆ.

ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಮೊದಲ ಬದಿಯ ಕೊನೆಯ ಗೀರುಗಳು ಮಾತ್ರ ಬೂದುಬಣ್ಣಕ್ಕೆ ತಿರುಗಿರುವುದು ಕಂಡಿತು. ಅಲ್ಲಿರುವುದು ‘ಡಿಯರ್ ಎಲೇನ್’. ಮಾವ ಆ ಒಂದು ಹಾಡನ್ನು ಎಷ್ಟು ಸಲ ಹಾಕಿರಬೇಕೆಂದು ಅತ್ತೆಯನ್ನು ಕೇಳಿದೆ. ಹಡಗಿನಿಂದ ರಜೆಗೆ ಬಂದಾಗ ಊಟದ ಮೇಲೆ ಒಂದು ಇಂಗ್ಲಿಷ್ ಹಾಡನ್ನು ದಿನವೂ ಹಾಕುತ್ತಿದ್ದರು, ಅದರ ಹೆಸರು ತನಗೆ ತಿಳಿಯದು ಎಂದರು. ಹಾಕಿ ಕೇಳಿಸಿದೆ. ಚೆಲ್ಲೋ ಬಂದ ಕೂಡಲೇ, ಇದೇ ಎಂದರು.

‘ವಿಝರ್ಡ್ ಬ್ರೂ’ ತಟ್ಟೆ ಹೊನ್ನಾವರದವರ ಬಳಿ ಇದ್ದರೆ, ಮತ್ತು ಕೆಲವು ದಿನಗಳ ಮಟ್ಟಿಗೆ ಕೊಡಲು ಮನಸ್ಸಿದ್ದರೆ, ಮಳೆ ನಿಂತ ಮೇಲೆ ನಾನೇ ಬಂದು ಒಯ್ದು, ಜೋಪಾನವಾಗಿ ಹಿಂತಿರುಗಿಸುತ್ತೇನೆ.